ಅತ್ತೆ ದೆವ್ವವಾದದ್ದು

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೆಯಲ್ಲಿ ದೇವನಹಳ್ಳಿ ಹತ್ತಿರದ ನಮ್ಮ ವಿಜಯಪುರಕ್ಕೆ ಸಿನಿಮಾದವರು ಬಂದರು. ನಾನು ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕೆರೆ ಏರಿಯ ಕೆಳಗೆ ನಮ್ಮ ಹೊಲದಂಚಿನಲ್ಲಿ ಒಂದು ಹಾಳು ಮಂಟಪವಿತ್ತು, ಸುತ್ತ ಹುಣಸೆಮರಗಳು. ಡೈರೆಕ್ಟರು ಅದನ್ನು ನೋಡಿ, ದೆವ್ವಕ್ಕೆಂದೇ ಕಟ್ಟಿಸಿದಂತಿದೆ ಎಂದರಂತೆ. ಬಾವಿಗೆ ಬಿದ್ದು ಸತ್ತ ಸೊಸೆ ದೆವ್ವವಾಗಿ ಬಂದು ಗಂಡನ ಮನೆಯವರನ್ನು ಕಾಡುವ ಕಥೆ ಅವರದು. ಅದನ್ನು ಕೇಳಿದ ನಮ್ಮತ್ತೆ ನನ್ನ ಕಡೆ ತಿರುಗಿ, "ನೀನು ಮಾತ್ರ ಬಾವಿ ಹತ್ರ ಹುಷಾರಾಗಿರಮ್ಮ, ನಮಗ್ಯಾಕೆ ಬೇಕು" ಎಂದರು.

ಅತ್ತೆಗೆ ಆಗ ಐವತ್ತರ ಆಸುಪಾಸು. ದೆವ್ವಗಳ ವಿಷಯದಲ್ಲಿ ಊರಿನಲ್ಲಿ ಅವರದೇ ಕೊನೆಯ ಮಾತು. ಯಾವ ಮರದಲ್ಲಿ ಯಾವುದಿದೆ, ಯಾವುದಕ್ಕೆ ಬೇವಿನ ಸೊಪ್ಪು ಸಾಕು, ಯಾವುದಕ್ಕೆ ಹಳೇ ಮೆಟ್ಟೇ ಬೇಕು ಎಂದೆಲ್ಲ, ನೆಂಟರಿಷ್ಟರ ಸ್ವಭಾವ ಹೇಳಿದ ಹಾಗೆ ಹೇಳುತ್ತಿದ್ದರು. ಹಾಗಾಗಿ ಚಿತ್ರ ತೆಗೆಯುವ ದಿನ ರೇಷ್ಮೆ ಬಿಚ್ಚುವ ಕೆಲಸ ನಿಲ್ಲಿಸಿ ನನ್ನನ್ನೂ ಎಳೆದುಕೊಂಡು ಹೊರಟರು.

ಸುಡುಬಿಸಿಲು. ಕ್ಯಾಮೆರಾದ ಕಣ್ಣಿಗೆ ಕೆಂಪು ಗಾಜು ಹಾಕಿದರೆ ಹಗಲೇ ಪರದೆಯ ಮೇಲೆ ಬೆಳದಿಂಗಳಾಗುತ್ತದೆ ಎಂದು ಡೈರೆಕ್ಟರು ನೆರೆದವರಿಗೆಲ್ಲ ವಿವರಿಸುತ್ತಿದ್ದರು. ದೆವ್ವದ ಪಾತ್ರ ಒಬ್ಬ ನಾಟಕದವರದು. ಇಪ್ಪತ್ತು ವರ್ಷ ಸ್ತ್ರೀಪಾತ್ರ ಮಾಡಿದವರು. ಬಿಳಿ ಸೀರೆಯುಟ್ಟು, ಕೂದಲು ಕೆದರಿಕೊಂಡು, ಮಂಟಪದಿಂದ ಹೊರಗೆ ಬಂದರು. ಬಂದ ರೀತಿ ಮಾತ್ರ ಅಂತಃಪುರದಿಂದ ರಾಣಿ ಬಂದಂತೆ, ಸೊಂಟ ಒಲೆದುಕೊಂಡು.

ಅತ್ತೆ ಗೊಳ್ಳೆಂದು ನಕ್ಕುಬಿಟ್ಟರು. ಅಲ್ಲಿ ಧ್ವನಿ ಹಿಡಿಯುತ್ತಿರಲಿಲ್ಲವಾದ್ದರಿಂದ ಚಿತ್ರವೇನೂ ಕೆಡಲಿಲ್ಲ. ಕೆಟ್ಟದ್ದು ನಟರ ಮನಸ್ಸು. ಅವರು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಡೈರೆಕ್ಟರು ಬಿರಬಿರನೆ ನಮ್ಮ ಬಳಿ ಬಂದರು.

"ಯಾಕಮ್ಮ ನಗ್ತೀರಿ?"

"ಪಾದ ಮುಂದಕ್ಕೈತಲ್ಲ ಸ್ವಾಮಿ! ದೆವ್ವಕ್ಕೆ ಹಂಗೆ ಎಲ್ಲಾನ ಉಂಟಾ? ಚಿಕ್ಕಮಕ್ಕಳೂ ಹೆದರಾಕಿಲ್ಲ."

"ಹಿಂದಕ್ಕೆ ತಿರುಗಿಸೋಕೆ ಮನುಷ್ಯರ ಕಾಲು ಬರುತ್ತೇನಮ್ಮ?"

"ಕಾಲ್ ಯಾಕೆ ತಿರುಗಿಸ್ತೀರಾ? ಮನುಷ್ಯನ್ನೇ ತಿರುಗಿಸಿ. ಸೀರೆ ಹಿಂದುಮುಂದಾಗಿ ಉಡಿಸಿ, ಕೂದ್ಲು ಬಿಚ್ಚಿ ಬಿಡಿ, ಹಿಂದಿಂದಕ್ಕೆ ನಡೀಲಿ. ಬೆನ್ನೇ ಎದೆ ಆಯ್ತದೆ, ಕೂದ್ಲಲ್ಲಿ ಮುಖ ಮುಚ್ಚಿದಂಗಿರ್ತದೆ. ಹಿಮ್ಮಡಿ ಮುಂದಕ್ಕೆ ಬರ್ತದೆ."

ಡೈರೆಕ್ಟರು ನಟರು ಕೂತಿದ್ದ ಕಡೆಗೆ ಓಡಿದರು.

ನಟರನ್ನು ಸಮಾಧಾನಪಡಿಸಿ ಹಾಗೆಯೇ ಉಡಿಸಿದರು. ಪಾಪ, ಐದು ಹೆಜ್ಜೆ ಹಿಂದಕ್ಕಿಟ್ಟವರು ಆರನೆಯದಕ್ಕೆ ಲಂಟಾನದ ಪೊದೆಯೊಳಗೆ ಅಂಗಾತ ಬಿದ್ದರು. ಮೈಯೆಲ್ಲ ತರಚಿತು, ಕಾಲು ಉಳುಕಿತು. "ನನ್ನಿಂದಾಗಲ್ಲ, ಆ ಯಮ್ಮನ ಕೈಲೇ ಮಾಡಿಸ್ಕೊಳ್ಳಿ!" ಎಂದು ಕೂಗಿದರು. ಸಿಟ್ಟಿನಲ್ಲಿ ಹೇಳಿದ ಮಾತು ಅದು, ಆದರೆ ಡೈರೆಕ್ಟರು ನಿಜವಾಗಿಯೂ ಅತ್ತೆಯ ಮುಖ ನೋಡಿದರು.

"ಅದೇನು ಮಹಾ? ದಿನಾ ಅಂಗಳ ಸಾರಿಸೋಳು ನಾನು, ಗದ್ದೇಲಿ ಪೈರು ನೆಟ್ಟೋಳು. ಅರ್ಧ ಆಯಸ್ಸು ಹಿಂದಕ್ಕೇ ನಡೆದಿದೀನಿ" ಎಂದರು ಅತ್ತೆ.

ಅಷ್ಟರಲ್ಲಿ ಸುದ್ದಿ ತಿಳಿದು ಮಾವ ಬಂದರು. "ನಾಚಿಕೆ ಆಗಲ್ವಾ? ನಾಳೆ ನಾನು ಊರೊಳಗೆ ಹೆಂಗೆ ಓಡಾಡ್ಲಿ?" ಎಂದು ಗದರಿದರು.

"ಮುಖಾನೇ ಕಾಣಾಕಿಲ್ವಲ್ಲ" ಎಂದು ಅತ್ತೆ ತುರುಬು ಬಿಚ್ಚಿಯೇಬಿಟ್ಟರು. ಮೊಣಕಾಲಿನವರೆಗೆ ಬರುವ ನರೆಗೂದಲು. ಅದನ್ನು ನೋಡಿ ಕ್ಯಾಮೆರಾದವನು ತಮಿಳಿನಲ್ಲಿ ಏನೋ ಉದ್ಗಾರ ತೆಗೆದ. ಮಾವ ಏರಿಯ ಮೇಲೆ ಹೋಗಿ ಕೂತರು, ಆದರೆ ನಮ್ಮ ಕಡೆಗೇ ಮುಖ ಮಾಡಿಕೊಂಡು.

ಹಿಂದುಮುಂದಾಗಿ ಸೀರೆ ಉಡಿಸಿದವಳು ನಾನು. ದಾರಿ ತೋರಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಕ್ಯಾಮೆರಾದ ಪಕ್ಕ ನಿಂತು, "ಎಡಕ್ಕೆ ಅತ್ತೆಮ್ಮ! ಕಲ್ಲೈತೆ, ಬಲಕ್ಕೆ ಬನ್ನಿ! ತಲೆ ಎತ್ತಿ!" ಎಂದು ಕೂಗುತ್ತಿದ್ದೆ. ಮದುವೆಯಾದಂದಿನಿಂದ ಅವರೆದುರು ಗಂಟಲೆತ್ತಿ ಮಾತಾಡದವಳು, ಆವತ್ತು ಊರೆಲ್ಲ ಕೇಳುವ ಹಾಗೆ ಅತ್ತೆಗೆ ಅಪ್ಪಣೆ ಕೊಟ್ಟೆ. ಅವರು ಒಂದೊಂದನ್ನೂ ಪಾಲಿಸಿದರು. ಒಂದೆರಡು 'ಎಡಕ್ಕೆ' ಅಗತ್ಯವಿಲ್ಲದೆಯೂ ಹೇಳಿದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

ಚಿತ್ರ ತಯಾರಾಗಿ ಬೆಂಗಳೂರಿಗೆ ಬರುವ ಹೊತ್ತಿಗೆ ಸುಗ್ಗಿ ಕಳೆದಿತ್ತು. ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಹೊಗೆ ಕುಡಿದುಕೊಂಡು ಅತ್ತೆ, ಮಾವ, ನಾನು ಮೂವರೂ ಮಧ್ಯಾಹ್ನದ ಆಟಕ್ಕೆ ಹೋದೆವು. ಅರ್ಧ ಕಥೆ ಆಗುವ ಹೊತ್ತಿಗೆ ಪರದೆಯ ಮೇಲೆ ನಮ್ಮ ಮಂಟಪ ಬಂತು. ನಿಜಕ್ಕೂ ಬೆಳದಿಂಗಳು. ಒಳಗಿನಿಂದ ಬೆಳ್ಳಗೆ ಏನೋ ಹೊರಟಿತು. ಮುಖವಿದ್ದ ಕಡೆ ಬರೀ ಕೂದಲು. ತೋಳುಗಳು ತಿರುಚಿದಂತೆ ಚಾಚಿಕೊಂಡಿದ್ದವು. ಹಿಮ್ಮಡಿ ಮುಂದಿಟ್ಟುಕೊಂಡು ಅದು ನಮ್ಮ ಮೇಲೇ ಬರತೊಡಗಿತು. ಹೆಂಗಸರ ಕಡೆ ಯಾರೋ ಕಿಟಾರನೆ ಕಿರುಚಿದರು.

ನನ್ನ ಪಕ್ಕದಿಂದಲೇ ಆ ಕಿರುಚು ಬಂದಿತ್ತು. ಅತ್ತೆ ನನ್ನ ತೋಳನ್ನು ಉಗುರು ಊರುವಂತೆ ಹಿಡಿದಿದ್ದರು.

"ಅಯ್ಯೋ, ಯಾರೇ ಅದು?"

"ನೀವೇ ಅತ್ತೆಮ್ಮ!"

"ಸುಮ್ಕಿರು. ನಾನು ಹಂಗಿದೀನಾ?"

ಯೋಚಿಸಿದರೆ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಮ್ಮ ಬೆನ್ನನ್ನು ತಾವು ಯಾರು ನೋಡಿರುತ್ತಾರೆ?

ಹೊರಗೆ ಬಂದಾಗ ಗಂಡಸರ ಕಡೆ ಕೂತಿದ್ದ ಮಾವ ಬಾಗಿಲ ಬಳಿ ಕಾಯುತ್ತಿದ್ದರು. "ಬಂದ ತಕ್ಷಣ ಗುರುತು ಹಿಡಿದೆ. ಆ ನಡಿಗೆ ಇನ್ಯಾರದು?" ಎಂದರು. ಅವರ ದನಿಯಲ್ಲಿ ಹೆಮ್ಮೆಯಿತ್ತು. ಬಸ್ಸಿನಲ್ಲಿ ದೇವನಹಳ್ಳಿಯವರೆಗೂ ಪಕ್ಕದವರಿಗೆ, ಮುಂದಿನವರಿಗೆ, ಕೊನೆಗೆ ಕಂಡಕ್ಟರಿಗೂ, "ಅದು ನಮ್ಮ ಮನೆಯೋರೇ" ಎಂದು ಹೇಳಿದ್ದೇ ಹೇಳಿದ್ದು. ಕಂಡಕ್ಟರು ಬಗ್ಗಿ ಅತ್ತೆಯ ಪಾದ ನೋಡಿದ.

ಅತ್ತೆ ಮಾತ್ರ ಮನೆಗೆ ಬಂದ ಮೇಲೆ ಒಂದು ವಾರ, ಸೌದೆ ತರಲು ಹಿತ್ತಿಲಿಗೆ ಹೋಗಬೇಕಾದರೂ, "ಬಾರಮ್ಮ, ಒಂದು ಗಳಿಗೆ" ಎಂದು ನನ್ನ ಕೈ ಹಿಡಿದುಕೊಂಡೇ ಹೋಗುತ್ತಿದ್ದರು.