ಗುಂಪಿನ ಪಟ್ಟಿಯಲ್ಲಿ ಸಿಗದ ಹೆಸರು

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳಾದ್ದರಿಂದ ಮಾತುಗಳೂ ಅಷ್ಟಕ್ಕಷ್ಟೆ. ಚಿಕ್ಕಮ್ಮ ಹೇಳಿದ್ದನ್ನು ಎರಡೆರಡು ಸಲ ಕೇಳಿ ಬರೆದಿದ್ದೇನೆ. ಆದರೂ ತಪ್ಪು ಉಳಿದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಚಿಕ್ಕಮ್ಮ ನಮ್ಮಮ್ಮನ ತಂಗಿ. ಭೂಮಿ ಅಳೆದು ನಕ್ಷೆ ಮಾಡುವ ಕಚೇರಿಯ ದಾಖಲೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾಳೆ. ಮೂರನೇ ಮಹಡಿಯ ಕೊನೆಯ ಕೋಣೆ ಅವಳದು. ಅಲ್ಲಿ ನಾಲ್ಕು ಮೇಜು, ನಾಲ್ಕು ಕುರ್ಚಿ, ಕೂರುವವಳು ಒಬ್ಬಳೇ. ಉಳಿದ ಮೂವರು ಒಬ್ಬರ ಹಿಂದೆ ಒಬ್ಬರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹಿಂದಿನ ಅಳತೆಗಾರರು ಹೊಲದಲ್ಲೇ ನಿಂತು ಪೆನ್ಸಿಲಿನಲ್ಲಿ ಬರೆದ ಪುಸ್ತಕಗಳನ್ನು ಓದಿ ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ‘ಬಾವಿಯಿಂದ ಬಲಕ್ಕೆ ಮೂವತ್ತೊಂದು ಹೆಜ್ಜೆ. ಇಲ್ಲಿ ನಾಯಿ ಅಟ್ಟಿಸಿಕೊಂಡು ಬಂತು’ ಎಂದು ಯಾರೋ ಬರೆದಿದ್ದನ್ನೂ ಅವಳು ಬಿಡದೆ ಏರಿಸಿದ್ದಾಳೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ ಆ ಅಳತೆಗಾರನನ್ನೇ ಮಾತಾಡಿಸುತ್ತಾಳಂತೆ: “ನಾಯಿ ಕಚ್ತಾ ಬಿಡ್ತಾ ಅಂತ ಬರೀಲೇ ಇಲ್ವಲ್ಲಪ್ಪ ನೀನು!”

ಆ ಕಚೇರಿಯಲ್ಲಿ ಎಲ್ಲರೂ ಕೆಲಸ ಮಾಡುವುದು ನೆಲಮಹಡಿಯಲ್ಲಿರುವ ಒಂದೇ ದೊಡ್ಡ ಕಂಪ್ಯೂಟರಿನಲ್ಲಿ. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಖಾತೆ, ಪ್ರತಿ ವಿಭಾಗಕ್ಕೂ ಒಂದು ಗುಂಪು: ಅಳತೆ, ನಕ್ಷೆ, ಮುದ್ರಣ, ದಾಖಲೆ. ಯಾವ ಫೈಲನ್ನು ಯಾರು ತೆರೆಯಬಹುದು ಎಂಬುದು ಗುಂಪಿನ ಮೇಲೆ ನಿಂತಿದೆ. ಖಾಲಿ ಕೋಣೆಯಲ್ಲಿ ಹೊತ್ತು ಹೋಗದೆ ಚಿಕ್ಕಮ್ಮ ಒಂದು ದಪ್ಪ ಕೈಪಿಡಿಯನ್ನು ಓದಿ ಓದಿ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದಳು. ಅದು ಕಚೇರಿಯ ಸಾಹೇಬರ ಕಿವಿಗೂ ಬಿದ್ದಿತ್ತು.

ಒಂದು ಸೋಮವಾರ ಅವರು ಕರೆದರು. “ಹಳೇ ಕಂಪ್ಯೂಟರ್ ಹೋಗ್ತಿದೆ ಮೇಡಂ. ಯಾವ ಗುಂಪಲ್ಲಿ ಯಾರ್ಯಾರಿದ್ದಾರೆ ಅಂತ ಒಂದು ಪಟ್ಟಿ ತೆಗೆದುಕೊಡಿ. ಪಟ್ಟೀಲಿ ಇರೋರ ಫೈಲೆಲ್ಲ ಹೊಸದಕ್ಕೆ ಹೋಗುತ್ತೆ. ಇಲ್ದೋರದ್ದು ಶುಕ್ರವಾರ ಸಂಜೆ ಅಳಿಸಿಬಿಡ್ತಾರೆ.”

ಚಿಕ್ಕಮ್ಮ ಪ್ರೋಗ್ರಾಂ ಬರೆದಳು. ಗುಂಪುಗಳ ಕಡತವನ್ನು ಒಂದೊಂದೇ ಸಾಲಾಗಿ ಕೊಡು ಎಂದು ಕಂಪ್ಯೂಟರನ್ನು ಕೇಳಬೇಕು. ಕೇಳಿದಾಗಲೆಲ್ಲ ಅದು ಒಂದು ಗುಂಪಿನ ಹೆಸರು, ಸಂಖ್ಯೆ, ಸದಸ್ಯರ ಪಟ್ಟಿ ಕೊಡುತ್ತದೆ. ಸಾಲುಗಳು ಮುಗಿದ ಮೇಲೆ ಏನೂ ಕೊಡುವುದಿಲ್ಲ, ಅಲ್ಲಿಗೆ ನಿಲ್ಲಿಸಬೇಕು. ಬಂದ ಪಟ್ಟಿಯನ್ನು ಅಚ್ಚು ಹಾಕಿ, ಅಳತೆಯವರು ಬಂದರೇ, ಮುದ್ರಣದವರು ಬಂದರೇ ಎಂದು ಬೆರಳಿಟ್ಟು ನೋಡಿದಳು. ತನ್ನ ಹೆಸರನ್ನು ಹುಡುಕಬೇಕೆಂದು ಹೊಳೆಯಲೇ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ.

ಗುರುವಾರ ಆ ಪಟ್ಟಿ ಮೆಟ್ಟಿಲ ಬಳಿಯ ಫಲಕಕ್ಕೆ ಬಂತು. ನಕ್ಷೆ ವಿಭಾಗದಲ್ಲಿ ಒಬ್ಬ ಹಿರಿಯರಿದ್ದಾರೆ. ಜೇಬಿನಲ್ಲಿ ಸದಾ ಸ್ಕೇಲು ಇರುವುದರಿಂದ ಎಲ್ಲರಿಗೂ ಅವರು ಸ್ಕೇಲ್ ಸಾರ್. ಅವರೇ ಮೊದಲು ನೋಡಿದ್ದು.

“ಏನ್ ಮೇಡಂ, ಊರಿಗೆಲ್ಲ ಬಡಿಸಿ ನೀವೇ ಉಪವಾಸ ಕೂತ್ರಾ? ಪಟ್ಟಿ ಮಾಡಿದೋರ ಹೆಸರೇ ಪಟ್ಟೀಲಿಲ್ಲ!”

ಸುತ್ತ ನಿಂತವರು ನಕ್ಕರು. ಚಿಕ್ಕಮ್ಮನೂ ನಕ್ಕಳು. ದಾಖಲೆ ಎಂದು ಬರೆದು, ಮುಂದೆ ಗುಂಪಿನ ಸಂಖ್ಯೆ ಇತ್ತು. ಅದರ ಮುಂದೆ ಬಿಳಿ ಕಾಗದ.

ಮೇಲೆ ಬಂದು ಬಾಗಿಲು ಮುಂದೆ ಮಾಡಿಕೊಂಡಳು. ಅಳಿಸಿದರೆ ಹತ್ತೊಂಬತ್ತು ವರ್ಷದ ಪುಸ್ತಕಗಳು ಹೋಗುತ್ತವೆ. ಸಾಹೇಬರ ಬಳಿ ಹೋಗಿ ‘ನಾನೂ ಇದ್ದೀನಿ’ ಎಂದರೆ ಸಾಕಿತ್ತು. ಆದರೆ ಕಂಪ್ಯೂಟರೇ ಇಲ್ಲ ಎಂದಿರುವಾಗ ತಾನು ಇದ್ದೇನೆಂದು ಹೇಗೆ ಹೇಳುವುದು ಎಂದು ಅವಳಿಗೆ ಅನಿಸಿತಂತೆ. ನನಗೆ ಇದನ್ನು ಹೇಳುವಾಗ ನಗಲಿಲ್ಲ.

ಕೊನೆಗೆ ಕಂಪ್ಯೂಟರನ್ನೇ ಕೇಳಿದಳು, ನಾನು ಯಾರು ಎಂದು. ಅದು ಅವಳ ಹೆಸರು ಹೇಳಿ, ಗುಂಪು ದಾಖಲೆ ಎಂದಿತು. ಹಾಗಾದರೆ ಗೊತ್ತಿದೆ ಇದಕ್ಕೆ! ಕೈಪಿಡಿ ತೆಗೆದು ಪೆನ್ಸಿಲ್ ಹಿಡಿದು ಓದಿದಳು. ಕಡತ ಒಂದಲ್ಲ, ಎರಡು. ಒಬ್ಬೊಬ್ಬರ ಸ್ವಂತ ಗುಂಪಿನ ಸಂಖ್ಯೆ ಜನರ ಕಡತದಲ್ಲಿ ಅವರವರ ಸಾಲಿನಲ್ಲೇ ಇರುತ್ತದೆ. ಗುಂಪುಗಳ ಕಡತದಲ್ಲಿ ಬರೆಯುವುದು ಬೇರೆ ಕಡೆಯಿಂದ ಬಂದು ಸೇರಿಕೊಂಡವರನ್ನು ಮಾತ್ರ. ಮನೆಯವರ ಹೆಸರನ್ನು ನೆಂಟರ ಪಟ್ಟಿಯಲ್ಲಿ ಯಾರು ಬರೆಯುತ್ತಾರೆ?

ತಪ್ಪು ಸಿಕ್ಕಿತೆಂದು ಹಗುರಾಗಬೇಕಿತ್ತು. ಆದರೆ ಇನ್ನೊಂದು ಹೊಳೆಯಿತು. ಹಾಗಾದರೆ ಉಳಿದವರ ಹೆಸರೆಲ್ಲ ಹೇಗೆ ಬಂತು? ನಕ್ಷೆಯವರನ್ನು ಮುದ್ರಣದವರು ಕರೆದಿದ್ದರು, ಮುದ್ರಣದವರನ್ನು ಅಳತೆಯವರು ಕರೆದಿದ್ದರು. ಒಂದಲ್ಲ ಒಂದು ಸಲ ಎಲ್ಲರೂ ಬೇರೆ ಗುಂಪಿಗೆ ಬೇಕಾಗಿದ್ದರು. ಈಗ ಕೆಲಸದಲ್ಲಿ ಇರುವವರಲ್ಲಿ, ಹತ್ತೊಂಬತ್ತು ವರ್ಷದಲ್ಲಿ ಯಾರೂ ಕರೆಯದೆ ಉಳಿದವಳು ಅವಳೊಬ್ಬಳೇ. ಪ್ರೋಗ್ರಾಂ ತಪ್ಪಾಗಿದ್ದರೂ ಅದು ತೋರಿಸಿದ್ದು ಮಾತ್ರ ನಿಜ.

ಶುಕ್ರವಾರ ಬೆಳಿಗ್ಗೆ ಪ್ರೋಗ್ರಾಮಿಗೆ ಇನ್ನೊಂದು ಭಾಗ ಸೇರಿಸಿದಳು. ಈಗ ಅದು ಜನರ ಕಡತವನ್ನೂ ಮೊದಲಿಂದ ಕೊನೆಯವರೆಗೆ ಓದಿ, ಯಾರ ಸಾಲಿನಲ್ಲಿ ಯಾವ ಗುಂಪಿನ ಸಂಖ್ಯೆ ಇದೆಯೋ ಆ ಗುಂಪಿನ ಮುಂದೆ ಅವರ ಹೆಸರು ಬರೆಯುತ್ತಿತ್ತು. ಓಡಿಸಿದಳು. ದಾಖಲೆಯ ಮುಂದೆ ನಾಲ್ಕು ಹೆಸರು ಬಂದವು. ಹಾಡು ಗುನುಗುತ್ತಿದ್ದ ಅಕ್ಕ, ಕಿಟಕಿ ತೆರೆಯಲು ಬಿಡದ ಯಜಮಾನರು, ಎಲ್ಲರ ಪೆನ್ಸಿಲನ್ನೂ ತಾವೇ ಹೆರೆದುಕೊಡುತ್ತಿದ್ದ ಗುಮಾಸ್ತರು, ಆಮೇಲೆ ಅವಳು. ನಿವೃತ್ತರ ಖಾತೆಗಳನ್ನು ಯಾರೂ ತೆಗೆದಿರಲಿಲ್ಲ.

ತುಸು ಹೊತ್ತು ನಾಲ್ವರೂ ಇದ್ದ ಹಾಗೇ ಬಿಟ್ಟಳು. ನೀರು ಕುಡಿದು ಬಂದಳು. ಅವರು ಏರಿಸಿದ ಪುಸ್ತಕಗಳೆಲ್ಲ ಎಂದೋ ಅವಳ ಖಾತೆಗೆ ಬಂದಿದ್ದವು. ಪಟ್ಟಿ ಎಂದರೆ ಪಟ್ಟಿ, ಇಲ್ಲದವರನ್ನು ಇದ್ದಾರೆ ಎನ್ನುವಂತಿಲ್ಲ. ರೂಲುಪಟ್ಟಿ ಇಟ್ಟು ಮೂರು ಹೆಸರಿನ ಮೇಲೆ ನೇರವಾಗಿ ಗೆರೆ ಎಳೆದಳು.

ಮಧ್ಯಾಹ್ನ ಮೂರಕ್ಕೆ ಸಾಹೇಬರ ಬಾಗಿಲಲ್ಲಿ ನಿಂತಳು. ಎರಡು ಸಲ ತಿರುಗಿ ಮೆಟ್ಟಿಲವರೆಗೆ ಹೋಗಿ ಬಂದಳು. ಮೂರನೇ ಸಲಕ್ಕೆ ಅವರೇ ಕಂಡು, “ಏನಮ್ಮ, ಒಳಗೆ ಬನ್ನಿ” ಎಂದರು.

“ಹಿಂದಿನ ಪಟ್ಟಿ ತಪ್ಪು ಸಾರ್. ತಪ್ಪು ನಂದೇ. ದಾಖಲೇಲಿ ಒಬ್ಬರಿದ್ದಾರೆ.”

“ಯಾರು?”

“ನಾನೇ ಸಾರ್.”

ಅವರು ಕನ್ನಡಕ ಮೇಲೇರಿಸಿ ನೋಡಿದರು. “ಅಯ್ಯೋ, ಹೌದಲ್ಲ! ನನಗೂ ಹೊಳೀಲಿಲ್ಲ ನೋಡಿ. ಸರಿ, ನಿಲ್ಸೋಕೆ ಹೇಳ್ತೀನಿ.” ಕೆಳಗೆ ಫೋನ್ ಮಾಡಿ ಹೇಳಿದರು. ಆಮೇಲೆ, “ಒಬ್ಬರಿಗೋಸ್ಕರ ಒಂದು ಗುಂಪು ಯಾಕಮ್ಮ? ದಾಖಲೆ ತೆಗೆದು ನಿಮ್ಮನ್ನ ನಕ್ಷೆಗೆ ಹಾಕಿಬಿಡ್ಲಾ?” ಎಂದರು.

“ಬೇಡ ಸಾರ್. ಗುಂಪು ಹೋದ್ರೆ ಆ ಪುಸ್ತಕಗಳಿಗೆ ದಿಕ್ಕಿರಲ್ಲ. ದಾಖಲೆ ಇರ್ಲಿ.” ಇಷ್ಟು ಹೇಳಿ ಬಾಗಿಲ ಕಡೆ ತಿರುಗಿದಳು. ಮತ್ತೆ ಈ ಕಡೆ ತಿರುಗಿ ಮುಂದುವರಿಸಿದಳು. “ಅದ್ರ ಜೊತೆಗೆ ನಕ್ಷೆ ಗುಂಪಲ್ಲೂ ನನ್ನ ಹೆಸರು ಬರೀಬಹುದು ಸಾರ್. ಅವರಿಗೆ ಬೇಕಾದ್ರೆ.”

“ಅದನ್ನ ಅವರನ್ನೇ ಕೇಳ್ಬೇಕು ನೀವು.”

ಬರುವಾಗ ಎರಡನೇ ಮಹಡಿಯಲ್ಲಿ ನಕ್ಷೆ ವಿಭಾಗದ ಬಾಗಿಲು ತೆರೆದೇ ಇತ್ತು. ಒಳಗೆ ಎಲ್ಲರೂ ಏನಕ್ಕೋ ಜೋರಾಗಿ ನಗುತ್ತಿದ್ದರು. ಚಿಕ್ಕಮ್ಮ ಹೊಸ್ತಿಲವರೆಗೆ ಹೋದಳು. ಆ ನಗುವಿನ ನಡುವೆ ಮಾತು ತೆಗೆಯಲು ಆಗದೆ ಮೇಲೆ ಹತ್ತಿ ಬಂದುಬಿಟ್ಟಳು.

ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಅಲ್ಲಿಗೆ ಹೋಗಿ, ನಿಮ್ಮ ಗುಂಪಿನಲ್ಲಿ ನನಗೇನಾದರೂ ಕೆಲಸ ಇದೆಯಾ ಎಂದು ಸ್ಕೇಲ್ ಸಾರ್ ಅವರನ್ನು ಕೇಳುತ್ತಾಳೆ.