ಏಳು ಸಹಿಯ ವೆಬ್‌ಪೇಜು

ಕೊರೋನಾ ಕಳೆದು ಚೆನ್ನೈಯ ಬೀದಿಗಳನ್ನೆಲ್ಲ ಮತ್ತೆ ಅಗೆಯಲು ಶುರುಮಾಡಿದ್ದ ಕಾಲ. ನನ್ನ ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು. ಎಗ್ಮೋರಿನ ಒಂದು ಕನ್ಸಲ್ಟೆನ್ಸಿ ಕಂಪನಿಯಲ್ಲಿ ನಾನು ಕಾಂಟ್ರ್ಯಾಕ್ಟ್ ಮ್ಯಾನೇಜರ್. ಅಣ್ಣಾ ನಗರದ ಇಪ್ಪತ್ತಮೂರು ಬೀದಿಗಳಲ್ಲಿ ಮಳೆನೀರು ಚರಂಡಿ ಕಟ್ಟುವ ಕೆಲಸ ನಮ್ಮ ಮೇಲ್ವಿಚಾರಣೆಯಲ್ಲಿತ್ತು. ಅಗೆಸುವುದು ಇಲಾಖೆ, ಅಗೆಯುವುದು ಕಂಟ್ರಾಕ್ಟರು. ಇಬ್ಬರ ಮಧ್ಯೆ ನಿಂತು ‘ಕರಾರಿನಲ್ಲಿ ಹೀಗಿದೆ’ ಎಂದು ಹೇಳಿ ಇಬ್ಬರಿಂದಲೂ ಬೈಸಿಕೊಳ್ಳುವುದು ನನ್ನ ಉದ್ಯೋಗ.

ಆ ಕರಾರಿನ ಹಿಂಭಾಗದಲ್ಲಿ, ಕೂಲಿಕಾರರ ಶೌಚಾಲಯ, ಧೂಳು, ಸೊಳ್ಳೆ ಎಲ್ಲ ಮುಗಿದ ಮೇಲೆ, ಯಾರೂ ಓದದ ಪುಟದಲ್ಲಿ ಒಂದು ಷರತ್ತಿತ್ತು. ಕಂಟ್ರಾಕ್ಟರು ಸಾರ್ವಜನಿಕರಿಗಾಗಿ ಒಂದು ವೆಬ್‌ಪೇಜ್ ನಡೆಸಬೇಕು. ಯಾವ ಬೀದಿ ಯಾವತ್ತು ಮುಚ್ಚುತ್ತದೆ, ಯಾವತ್ತು ತೆರೆಯುತ್ತದೆ, ದೂರಿದ್ದರೆ ಯಾರಿಗೆ ಹೇಳಬೇಕು ಎಂಬುದು ತಮಿಳು, ಇಂಗ್ಲಿಷ್ ಎರಡರಲ್ಲೂ ನಕ್ಷೆ ಸಮೇತ ಇರಬೇಕು. ಪ್ರತಿ ಸೋಮವಾರ ಹೊಸದಾಗಬೇಕು. ಕೊನೆಯ ಸಾಲು: ‘ಎಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಏನನ್ನೂ ಪ್ರಕಟಿಸತಕ್ಕದ್ದಲ್ಲ.’ ಕರಾರಿನ ಭಾಷೆಯಲ್ಲಿ ಎಂಜಿನಿಯರ್ ಎಂದರೆ ಒಬ್ಬ ಮನುಷ್ಯನಲ್ಲ, ಮೇಲ್ವಿಚಾರಣೆಯ ಕಂಪನಿ. ಅಂದರೆ ನಾವು. ಈ ಷರತ್ತನ್ನು ಬರೆದವಳು ನಾನೇ, ಬರೆದಾಗ ನನಗೆ ಅದರ ಬಗ್ಗೆ ಭಾರಿ ಹೆಮ್ಮೆಯೂ ಇತ್ತು.

ಪೇಜ್ ಬಂತು. ತೆರೆದು ನೋಡಿದರೆ ಮೊದಲು ಕಂಟ್ರಾಕ್ಟರ್ ಕಂಪನಿಯ ಮಾಲೀಕರ ಫೋಟೋ. ಅದರ ಕೆಳಗೆ ಭೂಮಿಪೂಜೆಯ ಹನ್ನೊಂದು ಫೋಟೋ, ಎಲ್ಲದರಲ್ಲೂ ಅದೇ ಹಾರ, ಅದೇ ಗುದ್ದಲಿ. ಬೀದಿಗಳ ಪಟ್ಟಿ ಎಲ್ಲಿ ಎಂದರೆ ಇಲ್ಲ! ‘ಕೊನೆಯ ಪರಿಷ್ಕರಣೆ’ ಎಂಬಲ್ಲಿ ಮಾತ್ರ ದಿನಾ ಬೆಳಿಗ್ಗೆ ಅಂದಿನ ತಾರೀಖು ತಾನೇ ಬಂದು ಕೂರುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ಸಲ ವಾಪಸ್ ಕಳಿಸಿದೆ, ಒಂದು ನೋಟಿಸ್ ಕೊಟ್ಟೆ, ನಾಲ್ಕನೇ ಸಲಕ್ಕೆ ಪಟ್ಟಿ ಬಂತು.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣೆ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ಇವರನ್ನು ನಂಬಬಾರದು ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಒಪ್ಪಿಗೆಗೆ ಒಂದು ಕ್ರಮ ಮಾಡಿದೆ. ಕಂಟ್ರಾಕ್ಟರ ಕಡೆ ಎರಡು ಸಹಿ, ನಮ್ಮ ಸೈಟ್ ಎಂಜಿನಿಯರ್, ಟ್ರಾಫಿಕ್ ನೋಡಿಕೊಳ್ಳುವವರು, ತಮಿಳು ಪಠ್ಯ ತಿದ್ದುವವರು, ಇಲಾಖೆಯ ಪ್ರಚಾರಾಧಿಕಾರಿ, ಕೊನೆಗೆ ನಾನು. ಒಟ್ಟು ಏಳು. ಪ್ರತಿ ಮೇಜಿಗೆ ಎರಡು ದಿನ ಎಂದರೆ ಹದಿನಾಲ್ಕು ದಿನ. ವಾರಕ್ಕೊಮ್ಮೆ ಹೊಸದಾಗಬೇಕಾದ ಪುಟಕ್ಕೆ ಎರಡು ವಾರದ ಪರಿಶೀಲನೆ! ಇಂಥ ಸಾದಾ ಲೆಕ್ಕ ನಮ್ಮ ಏಳೂ ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕಂಟ್ರಾಕ್ಟರ ಕಡೆ ಇದನ್ನು ನೋಡಿಕೊಳ್ಳುತ್ತಿದ್ದವರು ಸೆಲ್ವಂ ಎಂಬ ಪ್ಲಾನಿಂಗ್ ಮ್ಯಾನೇಜರ್. ನಲವತ್ತೈದರ ಆಸುಪಾಸಿನ ಮೆದುಮಾತಿನ ಮನುಷ್ಯ. ಒಮ್ಮೆ ಅವರು ಒಪ್ಪಿಗೆಗೆ ಕಾಯದೆ ಒಂದು ಬೀದಿಯ ದಿನಾಂಕ ಬದಲಿಸಿದ್ದರು. ನಾನು ಆ ಸಂಜೆಯೇ ಎರಡನೇ ನೋಟಿಸ್ ಜಾರಿ ಮಾಡಿದೆ. ಆಮೇಲೆ ಅವರು ಆ ಸಾಹಸಕ್ಕೆ ಕೈಹಾಕಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಆಫೀಸಿನ ರಿಸೆಪ್ಷನಿಸ್ಟ್ ಓಡಿಬಂದಳು. ‘ಯಾರೋ ಲೇಡಿ, ಸೈಟ್ ಬೋರ್ಡಿನಲ್ಲಿ ನಮ್ಮ ನಂಬರ್ ನೋಡಿ ಫೋನ್ ಮಾಡಿದ್ದಾರೆ. ತಮಿಳಿನಲ್ಲಿ ಶುರುಮಾಡಿದರು, ಈಗ ಕನ್ನಡದಲ್ಲಿ ಬೈಯುತ್ತಿದ್ದಾರೆ, ನೀವೇ ಮಾತಾಡಿ’ ಎಂದಳು.

ಆಕೆಯ ಹೆಸರು ಗಿರಿಜಾ. ಹುಬ್ಬಳ್ಳಿ ಕಡೆಯವರು, ಇಪ್ಪತ್ತೈದು ವರ್ಷದಿಂದ ಇಲ್ಲೇ ಪಾತ್ರೆ ಅಂಗಡಿ. ಗಂಡನಿಗೆ ಎರಡೂ ಕಿಡ್ನಿ ಹೋಗಿ, ಮಂಗಳವಾರ, ಗುರುವಾರ, ಶನಿವಾರ ಆಸ್ಪತ್ರೆಯ ವ್ಯಾನ್ ಬಂದು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿತ್ತು.

‘ಅಕ್ಕಾರ, ನಿಮ್ಮ ಪೇಜಿನ್ಯಾಗ ಶುಕ್ರವಾರದಿಂದ ಐತ್ವಾರ ತನಾ ನಮ್ಮ ಓಣಿ ಬಂದ್ ಅಂತ ಹಾಕಿದ್ರಿ. ಅದನ್ನ ನಂಬಿ ಶನಿವಾರದ ಪಾಳಿ ಬಿಟ್ಟುಕೊಟ್ವಿ. ಶನಿವಾರ ನೋಡಿದ್ರ ಒಂದ್ ಗುದ್ಲಿನೂ ಬಿದ್ದಿಲ್ಲ! ಇವತ್ತ ಓಪನ್ ಅಂತ ಐತಿ, ಬಾಗಲಾಗ ಆಳುದ್ದ ತಗ್ಗು ತೋಡ್ಯಾರ. ವ್ಯಾನ್ ಮೂಲ್ಯಾಗ ನಿಂತೈತಿ. ಐದು ದಿವ್ಸ ಆತ್ರೀ, ಕಾಲು ಬಾತಾವ, ಉಸಿರಾಡಾಕ ಆಗವಲ್ದು ಅವ್ರಿಗೆ. ಏನ್ ಮಾಡ್ಲಿ ಹೇಳ್ರಿ?’

‘ನೀವು ಅವರ ಹತ್ತಿರಾನೇ ಇರಿ, ನಾನು ಬಂದೆ’ ಎಂದೆ. ಸೆಲ್ವಂಗೆ ಫೋನ್ ಮಾಡಿ ಕಬ್ಬಿಣದ ಹಲಗೆ ಹಾಕಿಸಲು ಹೇಳಿ ಆಟೋ ಹತ್ತಿದೆ. ದಾರಿಯುದ್ದಕ್ಕೂ ಕಂಟ್ರಾಕ್ಟರ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿದೆ. ಮೂರನೇ ನೋಟಿಸಿನ ಒಕ್ಕಣೆ ಕೀಳ್ಪಾಕ್ಕಂ ದಾಟುವಷ್ಟರಲ್ಲಿ ಸಿದ್ಧವಾಗಿತ್ತು.

ನಾನು ಹೋಗುವಾಗ ಸೆಲ್ವಂ ಆಗಲೇ ಅಲ್ಲಿದ್ದರು. ಮನೆಯ ಗೇಟಿಗೂ ರಸ್ತೆಗೂ ನಡುವೆ ಕಂದಕ, ಅದರ ಮೇಲೆ ಎರಡು ಕಬ್ಬಿಣದ ಹಲಗೆ. ಗಿರಿಜಾ ಅವರ ಗಂಡ ಪಂಚಾಕ್ಷರಿ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಕೂಲಿಯವರು ಹೆಜ್ಜೆಗೆ ಹೆಜ್ಜೆ ಕೂಡಿಸಿ ದಾಟಿಸುತ್ತಿದ್ದರು. ಅವರ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದರು. ಗಿರಿಜಾ ಹಿಂದಿನಿಂದ ಗಂಡನ ಭುಜ ಹಿಡಿದುಕೊಂಡೇ ಬಂದರು. ನನ್ನತ್ತ ನೋಡಲೂ ಇಲ್ಲ. ವ್ಯಾನ್ ಹೊರಟಿತು.

ನಾನು ಸೆಲ್ವಂ ಮೇಲೆ ಹರಿಹಾಯ್ದೆ. ನನಗೆ ಬರುವ ತಮಿಳೆಲ್ಲ ಖರ್ಚಾಗುವವರೆಗೂ ಬೈದೆ. ಅವರು ಪೂರ್ತಿ ಕೇಳಿಸಿಕೊಂಡು, ‘ಒರು ನಿಮಿಷಂ, ಮೇಡಂ’ ಎಂದು ಫೋನ್ ತೆಗೆದು ನನ್ನ ಕೈಗೆ ಕೊಟ್ಟರು.

ಪಕ್ಕದ ಬೀದಿಯಲ್ಲಿ ನಕ್ಷೆಯಲ್ಲಿಲ್ಲದ ಒಂದು ಕರೆಂಟ್ ಕೇಬಲ್ ಸಿಕ್ಕಿ ಕೆಲಸ ನಾಲ್ಕು ದಿನ ಹಿಂದಕ್ಕೆ ಬಿದ್ದಿತ್ತು. ಗಿರಿಜಾ ಅವರ ಬೀದಿ ಶುಕ್ರವಾರದ ಬದಲು ಮಂಗಳವಾರಕ್ಕೆ ಹೋಗಿತ್ತು. ಸೆಲ್ವಂ ಅದನ್ನು ತಿದ್ದಿ ಹೊಸ ಪುಟವನ್ನು ಹಿಂದಿನ ವಾರದ ಸೋಮವಾರವೇ ಕಳಿಸಿದ್ದರು. ಮಿಕ್ಕ ಆರು ಜನರ ಕೈಕಾಲು ಹಿಡಿದು ಮೂರೇ ದಿನದಲ್ಲಿ ಸಹಿ ಹಾಕಿಸಿ ಬುಧವಾರ ಸಂಜೆ ನನ್ನ ಮೇಜಿಗೆ ತಲುಪಿಸಿದ್ದರು. ಗುರುವಾರ ಬೆಳಿಗ್ಗೆ ನಾನು ಅದನ್ನು ವಾಪಸ್ ಕಳಿಸಿದ್ದೆ. ಕಾರಣ ಫೋನಿನಲ್ಲಿ ಕಾಣುತ್ತಿತ್ತು, ನನ್ನದೇ ಹೆಸರಿನ ಕೆಳಗೆ: ‘ನಕ್ಷೆಯಲ್ಲಿ ಮುಚ್ಚಿದ ಬೀದಿಗಳಿಗೆ ಬಳಸಿರುವ ಕೆಂಪು, ಅನುಮೋದಿತ ಕೆಂಪು ಅಲ್ಲ. ಸರಿಪಡಿಸಿ ಮತ್ತೆ ಸಲ್ಲಿಸಿ.’

‘ಒಪ್ಪಿಗೆಯಿಲ್ಲದೆ ಹಾಕಬಹುದಿತ್ತು ಮೇಡಂ’ ಎಂದರು ಸೆಲ್ವಂ ತಮಿಳಿನಲ್ಲಿ. ‘ಹಾಕಿದ್ದರೆ ನೀವು ಬಿಡುತ್ತಿದ್ದಿರಾ?’

ಬಿಡುತ್ತಿರಲಿಲ್ಲ. ದಿನಾಂಕ ಬದಲಾಗಿದೆ ಎಂಬುದನ್ನು ನಾನು ಅವತ್ತು ಗಮನಿಸಿಯೇ ಇರಲಿಲ್ಲ. ಕೆಂಪನ್ನು ಮಾತ್ರ ನೋಡಿದ್ದೆ. ಅಬ್ಬಾ, ಎಂಥ ಕಣ್ಣು ನನ್ನದು!

ಪಂಚಾಕ್ಷರಿ ಮೂರು ದಿನ ಐಸಿಯುನಲ್ಲಿದ್ದರು. ಆ ಮೂರು ದಿನವೂ ಸಂಜೆ ಆಸ್ಪತ್ರೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂತು ಬಂದೆ. ಗಿರಿಜಾ ಎದುರಾದಾಗ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಕೇಳಿ, ‘ಬಣ್ಣಾ ಏನ್ರೀ?’ ಎಂದಷ್ಟೇ ಅಂದು ಒಳಗೆ ಹೋದರು. ನಾಲ್ಕನೇ ದಿನ ಪಂಚಾಕ್ಷರಿ ಮನೆಗೆ ಬಂದರು ಎಂದು ತಿಳಿದಾಗ ಆಫೀಸಿನ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಆಮೇಲೆ ಷರತ್ತು ಬದಲಿಸಲು ಹೊರಟೆ. ಮುಚ್ಚುವ, ತೆರೆಯುವ ದಿನಗಳನ್ನು ಸೈಟಿನವರೇ ಆಯಾ ಬೆಳಿಗ್ಗೆ ಹಾಕಬೇಕು, ಯಾರ ಒಪ್ಪಿಗೆಯೂ ಬೇಡ ಎಂದು ಬರೆದೆ. ಸಭೆಯಲ್ಲಿ ಪ್ರಚಾರಾಧಿಕಾರಿ ಕೇಳಿದರು, ‘ತಪ್ಪು ದಿನ ಹಾಕಿಬಿಟ್ಟರೆ ಯಾರಮ್ಮ ಹೊಣೆ?’

‘ಮೊನ್ನೆ ಇದ್ದದ್ದೂ ತಪ್ಪು ದಿನವೇ ಸಾರ್, ಏಳು ಸಹಿ ಸಮೇತ. ಅದಕ್ಕೆ ಯಾರು ಹೊಣೆ?’ ಎಂದೆ. ಸಹಿ ಬೇಡ ಎನ್ನುವ ಆ ತಿದ್ದುಪಡಿಗೆ ಒಂಬತ್ತು ಸಹಿ ಬೀಳಲು ಐದು ವಾರ ಹಿಡಿಯಿತು.

ಕಡೆಗೂ ಪೇಜ್ ನೆಟ್ಟಗಾಯಿತು. ಕೆಂಪು ಒಂದೊಂದು ದಿನ ಒಂದೊಂದು ಥರ ಇರುತ್ತಿತ್ತು, ದಿನಾಂಕ ಮಾತ್ರ ಸರಿಯಿರುತ್ತಿತ್ತು. ಯಾವ ಷರತ್ತು ಬರೆದರೂ ಅದಕ್ಕಾಗಿ ಕಾಯುತ್ತಾ ಕೂರುವವರು ಯಾರು ಎಂದು ಮೊದಲು ಕೇಳಿಕೊಳ್ಳಬೇಕು. ಮೂವತ್ತೊಂದು ವರ್ಷ ಕರಾರು ಓದಿದವಳಿಗೆ ಇದು ಗೊತ್ತಾಗಲು ಒಬ್ಬ ಮನುಷ್ಯನ ಉಸಿರು ನಿಲ್ಲುವ ಹಂತಕ್ಕೆ ಬರಬೇಕಾಯಿತು. ಗಿರಿಜಾ ಅವರಿಗೆ ಫೋನ್ ಮಾಡಿ, ‘ಈಗ ಪೇಜ್ ಸರಿಯಾಗಿದೆ, ದಿನಾ ಬೆಳಿಗ್ಗೆ ಹೊಸದಾಗುತ್ತೆ, ಧೈರ್ಯವಾಗಿ ನೋಡಬಹುದು’ ಎಂದೆ.

‘ಚಲೋ ಆತ್ರಿ ಅಕ್ಕಾರ’ ಎಂದರು ಆಕೆ, ಸಿಟ್ಟೇನೂ ಇಲ್ಲದೆ. ‘ಆದ್ರ ನಾ ಈಗ ಅದನ್ನ ತೆಗದು ನೋಡೂದಿಲ್ರಿ. ದಿನಾ ಸಂಜಿಗೆ ಹೋಗಿ ಆ ಜೆಸಿಬಿ ಡ್ರೈವರ್‌ನ ಕೇಳ್ತೀನಿ. ನಾಳೆ ಎಲ್ಲಿ ತೋಡ್ತಾನ ಅಂತ ಅಂವಗ ಗೊತ್ತಿರ್ತದ. ಕೇಳಿದ್ರ ಹೇಳ್ತಾನ.’