ಮುನಿಸಿಕೊಂಡ ನೀರಿನ ನಾಟಕ

ಹಳೇಬೀಡಿನ ಹತ್ತಿರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಪ್ರತಿ ಶನಿವಾರ ನಾಟಕ ಕಲಿಸಲು ಹೋಗುತ್ತಿದ್ದೆ. ನನ್ನ ಮನೆ ಅರಸೀಕೆರೆಯಲ್ಲಿ. ಬೆಳಗಿನ ಬಸ್ಸಿನಲ್ಲಿ ನನ್ನ ಜೊತೆ ಹಾರ್ಮೋನಿಯಂ ಹೊತ್ತು ಒಬ್ಬರು ಬರುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಅಣ್ಣ ಅಂತಲೇ ಕರೆಯುತ್ತಿದ್ದೆ. ಹದಿನೆಂಟು ವರ್ಷ ನಾವಿಬ್ಬರೂ ಊರೂರು ಸುತ್ತಿ ಮಕ್ಕಳಿಗೆ ಹಾಡು, ಕುಣಿತ, ಮಾತು ಕಲಿಸಿದ್ದೆವು. ನನ್ನ ಗಂಡ ತೀರಿಕೊಂಡಾಗ ಬಂದವರೆಲ್ಲ ಏನೇನೋ ಸಮಾಧಾನ ಹೇಳಿ ಹೋದರು. ಅಣ್ಣ ಮಾತ್ರ ಮೂರು ದಿನ ನಮ್ಮ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಅಷ್ಟು ಹತ್ತಿರದವರು.

ಒಂದು ಶನಿವಾರ ಮಕ್ಕಳನ್ನು ಹುಲಿಕೆರೆಯ ಕೊಳಕ್ಕೆ ಕರೆದುಕೊಂಡು ಹೋದೆವು. ನೀರು ತಳಕ್ಕೆ ಇಳಿದಿತ್ತು. ಮೆಟ್ಟಿಲ ಮೇಲೆ ಎಲ್ಲರನ್ನೂ ಕೂರಿಸಿ, "ನೀರೆಲ್ಲ ಎಲ್ಲಿಗೆ ಹೋಯ್ತು?" ಅಂತ ಕೇಳಿದೆ. ಬಿಸಿಲು ಕುಡಿದಿದೆ ಅಂದ ಒಬ್ಬ. ಮೋಟಾರು ಹಾಕಿ ಎಳೆದಿದ್ದಾರೆ ಅಂದ ಇನ್ನೊಬ್ಬ. ತರಗತಿಯಲ್ಲಿ ಬಾಯಿಯೇ ಬಿಡದ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಮೊಣಕಾಲಿಗೆ ಗದ್ದ ಊರಿಕೊಂಡು ಹೇಳಿದಳು: "ನೀರು ಎಲ್ಲೂ ಹೋಗಿಲ್ಲ ಮಿಸ್. ಮುನಿಸ್ಕಂಡೈತೆ. ಒಳಕ್ಕೋಗಿ ಕೂತೈತೆ. ಕರದ್ರೆ ಬತ್ತೈತೆ."

ನಾನು ಅಣ್ಣನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಾಟಕ ಸಿಕ್ಕಿತ್ತು.

ನೀರು ಕಾಣೆಯಾದ ಕೊಳದಲ್ಲಿ ಕಪ್ಪೆ, ಕೊಕ್ಕರೆ, ಏಡಿ ಪಂಚಾಯ್ತಿ ಸೇರಿ ಒಬ್ಬರ ಮೇಲೊಬ್ಬರು ಕಳ್ಳತನ ಹೊರಿಸುತ್ತವೆ. ಕೊನೆಗೆ ಆಮೆ ನಿಜ ಹೇಳುತ್ತದೆ, ಎಲ್ಲರೂ ಸೇರಿ ಹಾಡಿ ನೀರನ್ನು ಕರೆಯುತ್ತಾರೆ. ಮಾತೆಲ್ಲ ಮಕ್ಕಳದೇ, ಅವರ ಮನೆಯ ಮಾತು. "ಬಾರೇ ಬಾರೇ ನೀರಮ್ಮ, ಮೆಟ್ಟಿಲ ಮ್ಯಾಲೆ ಕೂರಮ್ಮ" ಅಂತ ಅವರು ಕಟ್ಟಿದ ಸಾಲಿಗೆ ಅಣ್ಣ ರಾಗ ಹಾಕಿದರು. ನನ್ನ ಕೈಬರಹ ಕೋಳಿ ಕೆದಕಿದ ಹಾಗೆ, ಅವರದು ಮುತ್ತು. ಅದಕ್ಕೇ ಮಕ್ಕಳು ಹೇಳಿದ್ದನ್ನೆಲ್ಲ ಅವರೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆ ಹುಡುಗಿಯೇ ಆಮೆ. ರಟ್ಟಿನ ಚಿಪ್ಪು ಬೆನ್ನಿಗೆ ಕಟ್ಟಿದ ದಿನ ಅವಳು ಮನೆಗೆ ಹೋಗುವಾಗಲೂ ಬಿಚ್ಚಲಿಲ್ಲ.

ಬೇಲೂರಿನಲ್ಲಿ ತಾಲ್ಲೂಕಿನ ಮಕ್ಕಳ ನಾಟಕ ಸ್ಪರ್ಧೆ ಇದೆ ಅಂತ ಗೊತ್ತಾಯಿತು. ಹೆಡ್ಮೇಷ್ಟ್ರು ಹೆಸರು ಕೊಟ್ಟರು. ಆಮೇಲಿಂದ ಅಣ್ಣ ಶನಿವಾರ ತಪ್ಪಿಸತೊಡಗಿದರು. ಒಮ್ಮೆ ಮಂಡಿ ನೋವು, ಒಮ್ಮೆ ನೆಂಟರ ಮನೆಯ ನಾಮಕರಣ. "ಮಕ್ಕಳಿಗೆ ರಾಗ ಬಾಯಿಗೆ ಬಂದಿದೆಯಲ್ಲಮ್ಮ, ನೀನೇ ನಡೆಸು" ಅಂದರು. ಕೈ ಚಪ್ಪಾಳೆ, ಡಬ್ಬಿಯ ತಾಳದಲ್ಲೇ ನಾವು ಅಭ್ಯಾಸ ಮಾಡಿಕೊಂಡೆವು. ಅವರ ಮಂಡಿಗೆ ಎಣ್ಣೆ ಕಾಯಿಸಿ ಕೊಟ್ಟು ಬಂದವಳು ನಾನು.

ಸ್ಪರ್ಧೆಯ ದಿನ ನಮ್ಮದು ಐದನೆಯ ನಾಟಕ. ಮೂರನೆಯದು ಬೇಲೂರಿನದೇ ಒಂದು ಖಾಸಗಿ ಶಾಲೆಯದು. ನಾವು ಪರದೆಯ ಹಿಂದೆ ಚಿಪ್ಪು, ಕೊಕ್ಕು ಕಟ್ಟಿಕೊಳ್ಳುತ್ತಿದ್ದೆವು. ಹಾರ್ಮೋನಿಯಂ ಕೇಳಿಸಿತು. ಮೊದಲ ಸ್ವರವನ್ನು ಬೇಕೆಂತಲೇ ಸ್ವಲ್ಪ ಎಳೆದು ಬಿಡುವ ಆ ಕೈ ಯಾರದು ಅಂತ ನನಗೆ ಯಾರೂ ಹೇಳಬೇಕಿರಲಿಲ್ಲ. ಮಂಡಿ ನೋವಿನವರು ಇಲ್ಲಿಗೆ ಹೇಗೆ ಬಂದರು ಅಂತ ಯೋಚಿಸುವಷ್ಟರಲ್ಲಿ ಹಾಡು ಶುರುವಾಯಿತು. "ಬಾರೇ ಬಾರೇ ನೀರಮ್ಮ."

ಹುಡುಗಿ ನನ್ನ ಸೆರಗು ಹಿಡಿದಳು. "ಮಿಸ್, ನಮ್ ಹಾಡು ಅವ್ರ್ಯಾಕೆ ಹೇಳ್ತಾವ್ರೆ?"

ಪರದೆ ಸರಿಸಿ ನೋಡಿದೆ. ಹೊಳೆಯುವ ಬಟ್ಟೆಯ ಕಪ್ಪೆ, ಬಾಡಿಗೆಗೆ ತಂದ ಚಿಪ್ಪಿನ ಆಮೆ. ಮಾತು ಮಾತ್ರ ತಿದ್ದಿದ್ದರು. "ನೀರು ಎಲ್ಲಿಯೂ ಹೋಗಿಲ್ಲ, ಮುನಿಸಿಕೊಂಡಿದೆ" ಅಂದಿತು ಆ ಆಮೆ, ಪಾಠ ಒಪ್ಪಿಸುವ ಹಾಗೆ. ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಅಣ್ಣ, ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ನಮ್ಮ ಕಡೆ ತಿರುಗಿಯೂ ನೋಡದೆ ನುಡಿಸುತ್ತಿದ್ದರು.

ಹಿಂದಕ್ಕೆ ಹೋಗಿಬಿಡೋಣ ಅಂತ ನಾನು ಹೆಡ್ಮೇಷ್ಟ್ರಿಗೆ ಹೇಳಿದೆ. ಹುಡುಗಿ ಕೇಳಿಸಿಕೊಂಡಳು. "ನಾವೂ ಆಡಾನ ಮಿಸ್" ಅಂದಳು. ಆಡಿದೆವು. ಮೊದಲ ಮಾತಿಗೇ ಸಭೆಯಲ್ಲಿ ಗುಸುಗುಸು, ಯಾರೋ "ಕಾಪಿ, ಕಾಪಿ" ಅಂದರು. ಕೊಕ್ಕರೆಯಾಗಿದ್ದ ಹುಡುಗ ಮಾತು ಮರೆತು ನಿಂತುಬಿಟ್ಟ. ಆಮೆ ಮಾತ್ರ ತನ್ನ ಮಾತು ತಪ್ಪಲಿಲ್ಲ. ಆದರೆ ಕೊಳದ ಹತ್ತಿರ ಹೇಳಿದ ಹಾಗೆ ಹೇಳಲಿಲ್ಲ, ಜಗಳಕ್ಕೆ ನಿಂತವಳ ಹಾಗೆ ಕಿರುಚಿ ಹೇಳಿದಳು. ಜನ ನಕ್ಕರು.

ತೀರ್ಪುಗಾರರೊಬ್ಬರು ಮೈಕಿನಲ್ಲಿ, "ಬೇರೆ ಶಾಲೆಯ ನಾಟಕ ಕದಿಯೋದನ್ನ ಮಕ್ಕಳಿಗೆ ಕಲಿಸಬೇಡಿ" ಅಂದರು. ನಾನು ವೇದಿಕೆ ಹತ್ತಿ ಇದು ನಮ್ಮ ಮಕ್ಕಳ ನಾಟಕ ಅಂದೆ. ಬರೆದದ್ದು ಎಲ್ಲಿದೆ ತೋರಿಸಿ ಅಂದರು. ಬರೆದದ್ದು ಅವರ ಮುಂದೆಯೇ ಇತ್ತು, ಆ ಖಾಸಗಿ ಶಾಲೆಯವರು ಕೊಟ್ಟಿದ್ದ ಪ್ರತಿ, ಅಣ್ಣನ ಮುತ್ತಿನ ಅಕ್ಷರದಲ್ಲಿ, ಅಣ್ಣನ ಹೆಸರಿನಲ್ಲಿ.

ಹೊರಗೆ ಹುಣಸೆ ಮರದ ಕೆಳಗೆ ಅವರನ್ನು ಹಿಡಿದು ನಿಲ್ಲಿಸಿದೆ.

"ಯಾಕಣ್ಣ ಹಿಂಗೆ ಮಾಡಿದ್ರಿ?"

"ಈ ಶಾಲೇಲಿ ಸಂಗೀತ ಮೇಷ್ಟ್ರ ಕೆಲಸ ಕೊಟ್ರು ಕಣಮ್ಮ. ಈ ವಯಸ್ಸಲ್ಲಿ. ಕೂರೋಕೆ ಒಂದು ಕುರ್ಚಿ, ಒಂದು ರೂಮು. ಏನಾದ್ರೂ ಹೊಸದು ಮಾಡಿಸಿ ಅಂದ್ರು. ರಾಗ ನಂದೇ ಅಲ್ವಾ?"

"ಮಾತು?"

ಅವರು ಹಾರ್ಮೋನಿಯಂ ಪೆಟ್ಟಿಗೆಯ ಚಿಲಕ ಹಾಕುತ್ತಾ ಹೇಳಿದರು: "ಮಕ್ಕಳಿಗೇನಮ್ಮ, ನಾಳೆ ಮರೆತುಬಿಡ್ತಾರೆ."

ನನ್ನ ಹೆಸರು ಬಿಟ್ಟದ್ದನ್ನಾದರೂ ನಾನು ಯಾವತ್ತೋ ಒಂದು ದಿನ ಮರೆಯುತ್ತಿದ್ದೆನೋ ಏನೋ. ಈ ಮಾತು ಮಾತ್ರ ಇವತ್ತಿಗೂ ಎದೆಯಿಂದ ಇಳಿದಿಲ್ಲ. ಹದಿನೆಂಟು ವರ್ಷ ನನ್ನ ಪಕ್ಕ ಕೂತು ಇವರು ಮಕ್ಕಳನ್ನು ಹೀಗೇ ನೋಡುತ್ತಿದ್ದರಾ ಅಂತ ಯೋಚಿಸಿದರೆ, ಹಿಂದಿನ ಎಲ್ಲ ಶನಿವಾರಗಳೂ ಹುಳಿಯಾಗುತ್ತವೆ.

ಹಿಂತಿರುಗುವಾಗ ಟೆಂಪೋದಲ್ಲಿ ಯಾರೂ ಹಾಡಲಿಲ್ಲ. ಹುಡುಗಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಊರು ಹತ್ತಿರ ಬಂದಾಗ ತಿರುಗಿ ಕೇಳಿದಳು: "ಮಿಸ್, ನೀವೇ ಕೊಟ್ಬುಟ್ರಾ ಅವ್ರಿಗೆ?"

"ಇಲ್ಲ ಪುಟ್ಟಿ. ನಂಬಿ ಅವರ ಕೈಲಿ ಇಟ್ಟಿದ್ದೆ."

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಅವಳ ಕಣ್ಣಲ್ಲಿ ಅಣ್ಣನೂ ನಾನೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಅದು ತಪ್ಪೂ ಅಲ್ಲ.

ಮುಂದಿನ ಮೂರು ಶನಿವಾರ ಅವಳು ನಾಟಕಕ್ಕೆ ಬರಲಿಲ್ಲ. ಮನೆ ಹುಡುಕಿಕೊಂಡು ಹೋದೆ. ಅವರಪ್ಪ ತೆಂಗಿನಕಾಯಿ ಸುಲಿಯುತ್ತಿದ್ದವನು ಎದ್ದು ನಿಂತು, "ನಾವು ಕೂಲಿ ಮಾಡಿದ್ರೂ ಕಳ್ಳರು ಅನ್ನಿಸ್ಕಂಡಿಲ್ಲ ಮೇಡಂ. ನನ್ ಮಗಳು ಅನ್ನಿಸ್ಕಂಡು ಬಂದ್ಲು" ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಡೆದದ್ದನ್ನೆಲ್ಲ ಅವನ ಮುಂದೆ ಹೇಳಿ, ತಪ್ಪು ನನ್ನದೂ ಹೌದು ಅಂದೆ. ಹೆಡ್ಮೇಷ್ಟ್ರೂ ಬಂದು ಹೇಳಿದರು. ನಾಲ್ಕನೇ ವಾರ ಅವಳನ್ನು ಕಳಿಸಿದ.

ಅಣ್ಣ ಈಗಲೂ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಬೇಲೂರು ಬಸ್ಸಿಗೆ ಕಾಯುತ್ತಾ ಕಾಣಿಸುತ್ತಾರೆ. ಒಮ್ಮೆ ಕೈ ಎತ್ತಿದರು. ನಾನು ಟಿಕೆಟಿಗೆ ಚಿಲ್ಲರೆ ಹುಡುಕುವವಳ ಹಾಗೆ ಚೀಲದೊಳಗೆ ಮುಖ ಹಾಕಿದೆ.

ಹೊಸ ನಾಟಕ ಶುರು ಮಾಡಿದೆ. ಕಾಡಿನಲ್ಲಿ ದಾರಿ ತಪ್ಪಿದ ಒಂದು ಕರುವಿನ ಕಥೆ. "ಕರುವಿಗೆ ಈಗ ಏನನ್ನಿಸ್ತಿದೆ? ಏನು ಹೇಳುತ್ತೆ?" ಅಂತ ಆ ಹುಡುಗಿಯನ್ನು ಕೇಳಿದೆ. ಅವಳ ತುಟಿ ಅಲುಗಿತು. ಮಾತು ಬಾಯಿಯ ತನಕ ಬಂದದ್ದು ನನಗೆ ಕಾಣಿಸಿತು. ಸುತ್ತ ನೋಡಿದಳು, ನನ್ನ ಕೈಯಲ್ಲಿದ್ದ ಪೆನ್ನು ನೋಡಿದಳು.

"ಗೊತ್ತಿಲ್ಲ ಮಿಸ್" ಅಂದಳು.